ಕೈ ಸೋಲುವುದೆಲ್ಲ ವಾಯು ಅಲ್ಲ



ಸಂಘದ ಸಭೆ ಮುಗಿದು ಲೆಕ್ಕದ ಪುಸ್ತಕ ಮುಚ್ಚುವ ಹೊತ್ತಿಗೆ ಯಾರಾದರೊಬ್ಬರು "ಸಿಸ್ಟರ್, ಸಂದುಸಂದೂ ನೋವು" ಅನ್ನುವುದು ಇದ್ದದ್ದೇ. ಹೆಚ್ಚಿನವು ದುಡಿಮೆಯ ನೋವು, ಇಲ್ಲವೇ ರಕ್ತಹೀನತೆಯ ಸುಸ್ತು. ಆದರೆ 28 ವರ್ಷದ ಒಬ್ಬ ತಂಗಿ ಹೇಳಿದ್ದು ಬೇರೆ ಥರ ಇತ್ತು. "ಬಾವಿಯಿಂದ ನಾಲ್ಕು ಕೊಡ ನೀರು ಸೇದುವಷ್ಟರಲ್ಲಿ ಎಡಗೈ ಸೋತುಹೋಗುತ್ತೆ. ಕೈ ಎತ್ತಿ ತಲೆ ಬಾಚಲಿಕ್ಕೂ ಆಗೋದಿಲ್ಲ. ಸ್ವಲ್ಪ ಕೂತರೆ ಸರಿಹೋಗುತ್ತೆ." ಮನೆಯಲ್ಲಿ ಅವಳಿಗೆ ಸಿಕ್ಕಿದ ಹೆಸರು ಸೋಮಾರಿ. ವರ್ಷವಿಡೀ ಎಣ್ಣೆ ತಿಕ್ಕಿ, ನೋವಿನ ಮಾತ್ರೆ ನುಂಗಿದ್ದಳು. ಕೊನೆಗೆ ಒಬ್ಬ ವೈದ್ಯರು ಎಡಗೈ ಹಿಡಿದು ನೋಡಿದರೆ ನಾಡಿಯೇ ಸಿಗಲಿಲ್ಲ.

ಇದು ತಕಯಾಸು ಕಾಯಿಲೆ. 1908ರಲ್ಲಿ ಇದರ ಬಗ್ಗೆ ವರದಿ ಮಾಡಿದ ಜಪಾನಿನ ಕಣ್ಣಿನ ವೈದ್ಯ ಮಿಕಿಟೊ ತಕಯಾಸು ಅವರ ಹೆಸರು. ಅಪರೂಪದ್ದೇ, ಆದರೆ ಬರುವುದು ಹೆಚ್ಚಾಗಿ 40 ವರ್ಷದೊಳಗಿನ ಹೆಂಗಸರಿಗೆ. ನಮ್ಮ ದೇಶದಲ್ಲೂ ಇದೆ. ದೇಹವನ್ನು ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಮತ್ತು ಅದರ ಕವಲುಗಳ ಗೋಡೆಯಲ್ಲಿ ಉರಿಯೂತ ಉಂಟುಮಾಡುತ್ತದೆ. ಗೋಡೆ ದಪ್ಪವಾಗಿ ಒಳದಾರಿ ಕಿರಿದಾಗುತ್ತದೆ. ಇದು ಅಂಟುರೋಗವಲ್ಲ.

ಇದರಲ್ಲಿ ನೋವು ಎರಡು ಬಗೆ. ಶುರುವಿನಲ್ಲಿ ಸಣ್ಣ ಜ್ವರ, ತೂಕ ಇಳಿಯುವುದು, ಸುಸ್ತು. ಜೊತೆಗೆ ಗಂಟುನೋವು, ಮೈಕೈ ನೋವು. ಇದು ಉರಿಯೂತದ್ದು. ಟಿ.ಬಿ. ಇರಬಹುದೆಂದು ಸಂಶಯ ಬರುವುದೂ ಉಂಟು. ಇನ್ನೊಂದು, ನಾಳ ಕಿರಿದಾದ ಮೇಲಿನದು. ಸ್ನಾಯು ದುಡಿಯುವಾಗ ಹೆಚ್ಚು ರಕ್ತ ಬೇಕು, ಅದು ಬರುವುದಿಲ್ಲ. ಹಾಗಾಗಿ ಬಟ್ಟೆ ಒಗೆಯುವಾಗ, ಹಗ್ಗದ ಮೇಲೆ ಹರವುವಾಗ ಕೈ ಸೋಲುತ್ತದೆ, ಬಿಟ್ಟರೆ ನೋವು ಇಳಿಯುತ್ತದೆ. ಕಾಲಿನ ನಾಳವಾದರೆ ನಡೆಯುವಾಗ. ಎಣ್ಣೆ ತಿಕ್ಕಿದರೆ ಈ ದಾರಿ ತೆರೆಯುವುದಿಲ್ಲ.

ಬಿ.ಪಿ. ವಿಷಯ ಗಮನವಿಟ್ಟು ಓದಿ. ಶಿಬಿರದಲ್ಲಿ ಒಂದೇ ಕೈಗೆ ಪಟ್ಟಿ ಕಟ್ಟಿ ನೋಡುತ್ತಾರೆ. ಆ ಕೈಯ ನಾಳವೇ ಕಿರಿದಾಗಿದ್ದರೆ ಬಿ.ಪಿ. ಕಡಿಮೆ ತೋರಿಸುತ್ತದೆ. ಅದೇ ಹೊತ್ತಿಗೆ ಮೂತ್ರಪಿಂಡದ ನಾಳವೂ ಕಿರಿದಾಗಿ ಒಳಗೆ ಬಿ.ಪಿ. ವಿಪರೀತ ಏರಿರಬಹುದು! "ನಿಮಗೆ ಲೋ ಬಿ.ಪಿ., ಉಪ್ಪು ತಿನ್ನಿ" ಅಂದರೆ ಗತಿಯೇನು? ಆದ್ದರಿಂದ ಇಂಥ ತೊಂದರೆ ಇರುವವರು ಎರಡೂ ಕೈಯಲ್ಲಿ ನೋಡಿಸಿರಿ, ಕೇಳಲು ನಾಚಿಕೆ ಬೇಡ. ಮೇಲಿನ ಅಂಕಿಯಲ್ಲಿ 10ಕ್ಕಿಂತ ಹೆಚ್ಚು ವ್ಯತ್ಯಾಸ ಮತ್ತೆ ಮತ್ತೆ ಕಂಡರೆ, ಅಥವಾ ಒಂದು ಕೈಯ ನಾಡಿ ಸಿಗದಿದ್ದರೆ, ದೊಡ್ಡಾಸ್ಪತ್ರೆಗೆ ಹೋಗಲೇಬೇಕು. ಎರಡೂ ಕೈಯ ನಾಳ ಕೆಟ್ಟಿದ್ದರೆ ಕಾಲಿನಲ್ಲಿ ನೋಡುತ್ತಾರೆ. ಮುಂದೆ ರಕ್ತಪರೀಕ್ಷೆ, ರಕ್ತನಾಳದ ಸ್ಕ್ಯಾನಿಂಗ್.

ಚಿಕಿತ್ಸೆ ದೀರ್ಘಕಾಲದ್ದು. ಮೊದಲು ಸ್ಟೀರಾಯ್ಡ್ ಮಾತ್ರೆ, ಜೊತೆಗೆ ಉರಿಯೂತ ತಡೆಯುವ ಬೇರೆ ಔಷಧಿ. ಮುಖ ಊದುತ್ತದೆ, ಮೂಳೆ ಸವೆಯುತ್ತದೆ, ತೊಡೆಯ ಬಲ ಕುಗ್ಗಿ ನೆಲದಿಂದ ಏಳುವುದೂ ಕಷ್ಟವಾಗಬಹುದು. ಹಾಗಂತ ನೆರೆಯವರ ಮಾತು ಕೇಳಿ ಮಾತ್ರೆ ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಡಾಕ್ಟರೇ ನಿಧಾನವಾಗಿ ಇಳಿಸುತ್ತಾರೆ. ಮಗು ಬೇಕೆಂದಿರುವವರು ಮೊದಲೇ ಅವರಿಗೆ ತಿಳಿಸಬೇಕು, ಕೆಲವು ಔಷಧಿ ಗರ್ಭಕ್ಕೆ ಆಗದು. ಕಣ್ಣು ಹಠಾತ್ತಾಗಿ ಮಂಜಾದರೆ, ಒಂದು ಬದಿ ಕೈಕಾಲು ಸ್ವಾಧೀನ ತಪ್ಪಿದರೆ, ಎದೆನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೊರಡಿ.

ಆ ತಂಗಿ ಈಗಲೂ ಮಾತ್ರೆಯಲ್ಲಿದ್ದಾಳೆ. ನಾಡಿ ಮರಳಿಲ್ಲ, ಜ್ವರ ನಿಂತಿದೆ. ಪರೀಕ್ಷೆಗೆ ಹೋಗುವ ಬಸ್ಸಿನ ಖರ್ಚಿಗೆ ಸಂಘ ಸಾಲ ಕೊಟ್ಟಿದೆ. ನೀರು ಸೇದುವುದು ಈಗ ಗಂಡನ ಕೆಲಸ.