ಸೂಪಾಕ್ಕೆ ದೋಣಿಯಲ್ಲಿ ಹೋಗಬಹುದೇ?

“ಸರ್, ಕಾರವಾರದಲ್ಲಿ ದೋಣಿ ಹತ್ತಿದರೆ ಸೂಪಾಕ್ಕೆ ಬಂದು ಇಳಿಯಬಹುದೇ?”

ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟನ್ನು ನೋಡುತ್ತ ನಿಂತಿದ್ದಾಗ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ಇದು. ಜೊತೆಯವರು ನಕ್ಕರು. ಆದರೆ ಪ್ರಶ್ನೆ ನಗುವಂಥದ್ದಲ್ಲ. ಹಿಂದೆ ಕಾಳಿ ನದಿಯಲ್ಲಿ ಸಮುದ್ರದ ಕಡೆಯಿಂದ ಕದ್ರಾದವರೆಗೆ ದೋಣಿಗಳು ಬರುತ್ತಿದ್ದವು. ಅಲ್ಲಿಂದ ಮೇಲೆ ಘಟ್ಟ, ಬಂಡೆ, ಸೆಳವು. ಈಗಂತೂ ಕದ್ರಾ, ಕೊಡಸಳ್ಳಿ, ಬೊಮ್ಮನಹಳ್ಳಿ ಅಣೆಕಟ್ಟುಗಳನ್ನು ದಾಟಿದ ಮೇಲೆ 101 ಮೀಟರ್ ಎತ್ತರದ ಸೂಪಾ ಗೋಡೆ! ದೋಣಿ ಗೋಡೆ ಹತ್ತೀತೇ?

ಹತ್ತುತ್ತದೆ, ನೀರಿನ ಮೆಟ್ಟಿಲು ಕಟ್ಟಿದರೆ. ಇದಕ್ಕೆ ‘ಲಾಕ್’ ಎನ್ನುತ್ತಾರೆ. ಎರಡು ಬಾಗಿಲುಗಳಿರುವ ಒಂದು ಕಲ್ಲಿನ ಕೋಣೆಯನ್ನು ಊಹಿಸಿಕೊಳ್ಳಿ. ಕೆಳಗಿನ ಬಾಗಿಲಿನಿಂದ ದೋಣಿ ಒಳಗೆ ಬರುತ್ತದೆ, ಬಾಗಿಲು ಮುಚ್ಚುತ್ತದೆ. ಮೇಲಿನ ಕಡೆಯ ತೂಬು ತೆರೆದರೆ ನೀರು ಕೋಣೆಗೆ ಇಳಿಯುತ್ತದೆ, ದೋಣಿ ಮೇಲೇರುತ್ತದೆ. ಎರಡೂ ಕಡೆಯ ಮಟ್ಟ ಒಂದಾದಾಗ ಮೇಲಿನ ಬಾಗಿಲು ತೆರೆಯುತ್ತದೆ. ಪಂಪು ಬೇಡ, ಗುರುತ್ವಾಕರ್ಷಣೆಯೇ ಕೂಲಿಯಾಳು. ಮಟ್ಟ ಒಂದಾಗುವ ಮೊದಲೇ ಬಾಗಿಲು ತೆರೆಯಬಾರದೇಕೆ? 6 ಮೀಟರ್ ಅಗಲದ ಬಾಗಿಲಿನ ಒಂದೇ ಕಡೆ 3 ಮೀಟರ್ ನೀರು ನಿಂತರೂ ಅದರ ಒತ್ತಡ ಸುಮಾರು 27 ಟನ್ ತೂಕಕ್ಕೆ ಸಮ!

ಇದು ವಿದೇಶದ ಮಾತು ಮಾತ್ರವಲ್ಲ. ನಮ್ಮ ತುಂಗಭದ್ರೆಯ ನೀರು ಹರಿಯುವ ಕರ್ನೂಲು–ಕಡಪಾ ಕಾಲುವೆಯನ್ನು 19ನೆಯ ಶತಮಾನದಲ್ಲಿ ನೀರಾವರಿಯ ಜೊತೆಗೆ ದೋಣಿ ಸಂಚಾರಕ್ಕೂ ಲಾಕ್‌ಗಳನ್ನಿಟ್ಟು ಕಟ್ಟಿದ್ದರು. 1914ರಲ್ಲಿ ತೆರೆದ ಪನಾಮಾ ಕಾಲುವೆಯಲ್ಲಿ ಹಡಗುಗಳು ಮೂರು ಮೆಟ್ಟಿಲುಗಳಲ್ಲಿ 26 ಮೀಟರ್ ಏರುತ್ತವೆ. ಆ ಲೆಕ್ಕದಲ್ಲಿ ಸೂಪಾಕ್ಕೆ ಸುಮಾರು ಹನ್ನೆರಡು ಮೆಟ್ಟಿಲು.

ಹಾಗಾದರೆ ಕಟ್ಟಬಾರದೇಕೆ? ವಿದ್ಯಾರ್ಥಿ ಮಿತ್ರರೇ, ಲೆಕ್ಕ ಮಾಡೋಣ. ಕೋಣೆ 30 ಮೀಟರ್ ಉದ್ದ, 6 ಮೀಟರ್ ಅಗಲ, ಒಂದು ಮೆಟ್ಟಿಲು 8 ಮೀಟರ್ ಎತ್ತರ ಎಂದುಕೊಳ್ಳಿ. ಒಂದು ದೋಣಿ ದಾಟಲು ಜಲಾಶಯದಿಂದ 14 ಲಕ್ಷ 40 ಸಾವಿರ ಲೀಟರ್ ನೀರು ಕೆಳಗಿಳಿಯಬೇಕು. ಅದೇ ನೀರು 80 ಮೀಟರ್ ಎತ್ತರದಿಂದ ಟರ್ಬೈನಿಗೆ ಬಿದ್ದರೆ, ನಷ್ಟ ಕಳೆದು, ಸುಮಾರು 280 ಯೂನಿಟ್ ವಿದ್ಯುತ್ತು. ತಿಂಗಳಿಗೆ 70 ಯೂನಿಟ್ ಬಳಸುವ ಮನೆಗೆ ನಾಲ್ಕು ತಿಂಗಳ ಬೆಳಕು! ಪನಾಮಾದಲ್ಲೂ ಈ ಸಂಕಟವಿದೆ. ಹಳೆಯ ಲಾಕ್‌ಗಳಲ್ಲಿ ಒಂದು ಹಡಗಿಗೆ ಸುಮಾರು 20 ಕೋಟಿ ಲೀಟರ್ ಸಿಹಿನೀರು ಬೇಕು. 2023ರಲ್ಲಿ ಮಳೆ ಕೈಕೊಟ್ಟಾಗ ದಿನಕ್ಕೆ ದಾಟುವ ಹಡಗುಗಳ ಸಂಖ್ಯೆಯನ್ನೇ ಇಳಿಸಬೇಕಾಯಿತು.

ಲೆಕ್ಕ ಮುಗಿಸಿದಾಗ ಹುಡುಗಿ ಮೆಲ್ಲಗೆ ಹೇಳಿದಳು: “ಅಜ್ಜಿಗಾಗಿ ಕೇಳಿದೆ ಸರ್. ಅವರ ತವರು ಹಳೆಯ ಸೂಪಾ. ಒಮ್ಮೆ ದೋಣಿಯಲ್ಲಿ ಆ ಜಾಗದ ಮೇಲೆ ಕರೆದುಕೊಂಡು ಹೋಗಬೇಕು ಅಂತ.”

ನಾನು ಸುಮ್ಮನಾದೆ. ಕಾಳಿ, ಪಾಂಡರಿ ನದಿಗಳ ಸಂಗಮದಲ್ಲಿದ್ದ ಆ ಊರು, 1987ರಲ್ಲಿ ಪೂರ್ಣಗೊಂಡ ಅಣೆಕಟ್ಟಿನ ಹಿನ್ನೀರಿನಲ್ಲಿದೆ. ತಾಲೂಕು ಕೇಂದ್ರ ಜೋಯಿಡಾಕ್ಕೆ ಹೋಯಿತು; ಎಷ್ಟೋ ಕುಟುಂಬಗಳು ರಾಮನಗರಕ್ಕೆ ಹೋದವು. ನೀರು ಏರಿದರೆ ದೋಣಿಯೂ ಏರುತ್ತದೆ, ಊರು ಏರುವುದಿಲ್ಲ. ನನ್ನ 280 ಯೂನಿಟ್ಟಿನ ಲೆಕ್ಕದಲ್ಲಿ ಅಜ್ಜಿಯ ಮನೆಯನ್ನು ನಾನು ಸೇರಿಸಿರಲಿಲ್ಲ.

ಪಾಲಕರೇ, ಇಂದು ಸಂಜೆ ದೀಪ ಹಾಕುವಾಗ ಮಕ್ಕಳಿಗೆ ಈ ಎರಡೂ ಲೆಕ್ಕಗಳನ್ನು ಹೇಳಿ. ಮನೆಯಲ್ಲಿ ಹಳೆಯ ಸೂಪಾ ಕಂಡ ಹಿರಿಯರಿದ್ದರೆ, ಎರಡನೆಯದನ್ನು ಅವರೇ ಹೇಳಲಿ.