ಕಪ್ ಗೆದ್ದರೂ ಕುರ್ಚಿ ಗಟ್ಟಿಯಿಲ್ಲ! ಕೋಚ್‌ಗಳ ನೌಕರಿಯ ಒಳಲೆಕ್ಕ

ಕೊಯಮತ್ತೂರು: 2019ರ ಮಾರ್ಚ್ 9ರ ಸಂಜೆ ಇಲ್ಲಿನ ನೆಹರೂ ಸ್ಟೇಡಿಯಂನಲ್ಲಿ ಇದ್ದವರು ಆ ಪಂದ್ಯವನ್ನು ಮರೆತಿರಲಾರರು. ಐ-ಲೀಗ್ ಫುಟ್ಬಾಲ್‌ನ ಕೊನೆಯ ದಿನ ಅದು. ಚೆನ್ನೈ ಸಿಟಿ ಎಫ್‌ಸಿ ತಂಡ ಮಿನರ್ವ ಪಂಜಾಬ್‌ಗೆ ಮೊದಲು ಗೋಲು ಬಿಟ್ಟುಕೊಟ್ಟು ಎಲ್ಲರ ಎದೆ ಧಸಕ್ ಎನಿಸಿತು. ಆಮೇಲೆ ಪೆಡ್ರೊ ಮಾಂಜಿಯ ಒಂದು ಪೆನಾಲ್ಟಿ, ಗೌರವ್ ಬೋರಾ ಅವರ ಎರಡು ಗೋಲು. ಪಂದ್ಯ 3-1. ಅದೇ ಹೊತ್ತಿಗೆ ಅತ್ತ ಕೋಯಿಕ್ಕೋಡ್‌ನಲ್ಲಿ ಈಸ್ಟ್ ಬೆಂಗಾಲ್ ಕೂಡ ಗೆದ್ದಿತು. ಆದರೆ ಪಟ್ಟಿಯಲ್ಲಿ ಚೆನ್ನೈಗೆ 43 ಅಂಕ, ಈಸ್ಟ್ ಬೆಂಗಾಲ್‌ಗೆ 42. ಹೆಸರು ಚೆನ್ನೈಯದಾದರೂ ಕಪ್ ಎತ್ತಿದ್ದು ನಮ್ಮ ಕೊಯಮತ್ತೂರಿನಲ್ಲಿ.

ಆ ತಂಡದ ಕೋಚ್ ಸಿಂಗಪುರದ ಅಕ್ಬರ್ ನವಾಸ್. ಹಿಂದಿನ ಸೀಸನ್‌ನಲ್ಲಿ ಕೆಳಗಿನ ಲೀಗಿಗೆ ಬೀಳದೆ ಹೇಗೋ ಉಳಿದುಕೊಂಡಿದ್ದ ತಂಡವನ್ನು ಒಂದೇ ವರ್ಷದಲ್ಲಿ ಚಾಂಪಿಯನ್ ಮಾಡಿದವರು. ಇಂಥವರ ಕುರ್ಚಿ ಇನ್ನು ಹತ್ತು ವರ್ಷ ಅಲುಗಾಡುವುದಿಲ್ಲ ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ನಡೆದದ್ದು ಬೇರೆ. ಮುಂದಿನ ಸೀಸನ್ ಕೊರೋನಾದಿಂದ 2020ರ ಮಾರ್ಚ್‌ನಲ್ಲಿ ಅರ್ಧಕ್ಕೇ ನಿಂತಿತು. 2020-21ರ ಸೀಸನ್‌ಗೆ ಸಿಂಗಪುರದವರೇ ಆದ ಸತ್ಯಸಾಗರ ಕೋಚ್ ಆಗಿ ಬಂದರು. ಆ ಸೀಸನ್ ಪೂರ್ತಿ ಬಂಗಾಳದಲ್ಲೇ ನಡೆದಿದ್ದರಿಂದ ಕೊಯಮತ್ತೂರಿನ ಜನ ತಂಡವನ್ನು ಕಣ್ಣಾರೆ ನೋಡಲೂ ಇಲ್ಲ. 2021-22ರ ಐ-ಲೀಗ್‌ನಲ್ಲಿ ಚೆನ್ನೈ ಸಿಟಿ ಎಂಬ ತಂಡವೇ ಇರಲಿಲ್ಲ! ಕೋಚ್ ಕುರ್ಚಿಯಷ್ಟೇ ಅಲ್ಲ, ಕುರ್ಚಿ ಇಟ್ಟಿದ್ದ ಮನೆಯೇ ಹೋಯಿತು.

ಸೋತವರ ಗತಿ? ಒಂದೇ ಅಂಕದಿಂದ ಕಪ್ ಕಳೆದುಕೊಂಡ ಈಸ್ಟ್ ಬೆಂಗಾಲ್‌ನ ಸ್ಪೇನ್ ಕೋಚ್ ಅಲೆಹಾಂಡ್ರೊ ಮೆನೆಂಡೆಸ್ 2020ರ ಜನವರಿಯಲ್ಲಿ, ಸಾಲು ಸೋಲುಗಳ ನಂತರ, ರಾಜೀನಾಮೆ ಕೊಟ್ಟು ಊರಿಗೆ ಹೊರಟರು. ಅಂದರೆ 43 ಅಂಕದ ಕೋಚ್‌ಗೂ 42 ಅಂಕದ ಕೋಚ್‌ಗೂ ನೌಕರಿಯ ಲೆಕ್ಕದಲ್ಲಿ ಹೆಚ್ಚು ವ್ಯತ್ಯಾಸ ಉಳಿಯಲಿಲ್ಲ.

ಹೀಗೇಕೆ?

ಕೋಚ್ ಎಂದರೆ ಖಾಯಂ ನೌಕರ ಅಲ್ಲ, ಗುತ್ತಿಗೆಯವರು. ಸಾಮಾನ್ಯವಾಗಿ ಒಂದು, ಎರಡು ಅಥವಾ ಮೂರು ವರ್ಷದ ಗುತ್ತಿಗೆ. ಮಧ್ಯದಲ್ಲಿ ಬಿಡಿಸಿದರೆ ಎಷ್ಟು ಹಣ ಕೊಡಬೇಕು ಎಂಬುದು ಅದರಲ್ಲೇ ಬರೆದಿರುತ್ತದೆ. ಪತ್ರಿಕೆಯಲ್ಲಿ 'ಪರಸ್ಪರ ಒಪ್ಪಿಗೆಯಿಂದ ಬೇರೆಯಾದರು' ಎಂದು ಬಂದರೆ, ಬಹಳ ಸಲ ಆ ಹಣದ ಚೌಕಾಸಿ ಮುಗಿದಿದೆ ಎಂದು ಓದಿಕೊಳ್ಳಬಹುದು.

ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಕೆಲಸ ಮಾಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಆರ್ಡರ್ ತಪ್ಪಿದರೆ ಇಡೀ ಲೈನ್‌ನ ಜನರನ್ನು ಒಂದೇ ದಿನ ಬದಲಿಸಲು ಆಗುವುದಿಲ್ಲ, ಉಸ್ತುವಾರಿಯವರನ್ನು ಬದಲಿಸುತ್ತಾರೆ. ತಂಡದಲ್ಲೂ ಅಷ್ಟೇ. ಇಪ್ಪತ್ತು ಇಪ್ಪತ್ತೈದು ಆಟಗಾರರ ಗುತ್ತಿಗೆ ಮುರಿಯುವುದಕ್ಕಿಂತ ಒಬ್ಬ ಕೋಚ್‌ನ ಗುತ್ತಿಗೆ ಮುರಿಯುವುದು ಅಗ್ಗ. ಅಭಿಮಾನಿಗಳಿಗೂ ಏನೋ ಮಾಡಿದ್ದಾರೆ ಎಂಬ ಸಮಾಧಾನ ಸಿಗುತ್ತದೆ.

ಬೆಂಗಳೂರು ಎಫ್‌ಸಿಯ ಕಾರ್ಲೆಸ್ ಕ್ವಾದ್ರತ್ 2019ರ ಮಾರ್ಚ್‌ನಲ್ಲಿ ತಂಡಕ್ಕೆ ಐಎಸ್‌ಎಲ್ ಕಪ್ ತಂದುಕೊಟ್ಟರು. 2021ರ ಜನವರಿಯ ಹೊತ್ತಿಗೆ ಸತತ ಮೂರು ಸೋಲು ಬಂದವು. ಅವರೂ ಹೊರಗೆ. ಎರಡು ವರ್ಷವೂ ತುಂಬಿರಲಿಲ್ಲ.

ಅಮೆರಿಕದಲ್ಲಿ 29 ವರ್ಷ!

ಈ ಅಸ್ಥಿರತೆಗೆ ಅತಿ ಹೆಸರಾದದ್ದು ಅಮೆರಿಕದ ಎನ್‌ಎಫ್‌ಎಲ್. ಇದು ನಾವು ಹೇಳುವ ಫುಟ್ಬಾಲ್ ಅಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎದುರಾಳಿಯನ್ನು ಕೆಡವಿ ತಡೆಯುವ ಆಟ. ಒಟ್ಟು 32 ತಂಡ. ಲೀಗ್ ಪಂದ್ಯಗಳು ಮುಗಿದ ಮಾರನೆಯ ಸೋಮವಾರಕ್ಕೆ ಅಲ್ಲಿ 'ಕರಿ ಸೋಮವಾರ' ಎಂದೇ ಹೆಸರು. ಅಂದು ಒಬ್ಬರ ಹಿಂದೆ ಒಬ್ಬರಂತೆ ಕೋಚ್‌ಗಳನ್ನು ಮನೆಗೆ ಕಳುಹಿಸುತ್ತಾರೆ. ಒಂದು ಸಮಾಧಾನವೆಂದರೆ ಗುತ್ತಿಗೆಯಲ್ಲಿ ಉಳಿದ ವರ್ಷಗಳ ಸಂಬಳ ಸಾಮಾನ್ಯವಾಗಿ ಅವರಿಗೆ ಸಿಗುತ್ತದೆ. ಕೆಲಸ ಹೋದರೂ ಒಲೆ ಆರುವುದಿಲ್ಲ.

ಅದೇ ಲೀಗ್‌ನಲ್ಲಿ ದೀರ್ಘಾಯುಷಿಗಳೂ ಇದ್ದಾರೆ. ಡಲ್ಲಾಸ್ ಕೌಬಾಯ್ಸ್ ತಂಡದ ಟಾಮ್ ಲ್ಯಾಂಡ್ರಿ ಕತೆ ಕೇಳಿ. 1960ರಲ್ಲಿ ಅವರ ಮೊದಲ ಸೀಸನ್. 12 ಪಂದ್ಯ, 11 ಸೋಲು, ಒಂದು ಡ್ರಾ, ಗೆಲುವು ಸೊನ್ನೆ! ಆಮೇಲಿನ ಮೂರು ಸೀಸನ್‌ಗಳಲ್ಲೂ ಗೆಲುವಿಗಿಂತ ಸೋಲೇ ಹೆಚ್ಚು. ಜನ ಬೈಯತೊಡಗಿದರು. ಆಗ ತಂಡದ ಮಾಲೀಕ ಕ್ಲಿಂಟ್ ಮರ್ಚಿಸನ್ ಮಾಡಿದ್ದೇನು? 1964ರಲ್ಲಿ ಲ್ಯಾಂಡ್ರಿಗೆ ಹತ್ತು ವರ್ಷದ ಗುತ್ತಿಗೆ ಬರೆದುಕೊಟ್ಟರು. 1966ರಿಂದ 1985ರವರೆಗೆ, ಸತತ 20 ಸೀಸನ್, ತಂಡ ಸೋಲಿಗಿಂತ ಹೆಚ್ಚು ಗೆಲುವು ಕಂಡಿತು. ಎರಡು ಸಲ ಸೂಪರ್ ಬೌಲ್ ಗೆದ್ದಿತು. ಒಟ್ಟು 29 ಸೀಸನ್ ಲ್ಯಾಂಡ್ರಿ ಒಂದೇ ತಂಡದಲ್ಲಿದ್ದರು. ಕೊನೆಗೆ ಹೋದದ್ದು ಹೇಗೆ ಗೊತ್ತೇ? 1989ರ ಫೆಬ್ರವರಿಯಲ್ಲಿ ಜೆರ್ರಿ ಜೋನ್ಸ್ ಎಂಬವರು ತಂಡವನ್ನು ಕೊಂಡರು. ಕೊಂಡ ದಿನವೇ ಲ್ಯಾಂಡ್ರಿಗೆ ವಿದಾಯ.

ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ್ದು ಇನ್ನೂ ವಿಶೇಷ. 1969ರಿಂದ 2025ರ ಸೀಸನ್‌ವರೆಗೆ ಆ ತಂಡಕ್ಕೆ ಮೂವರೇ ಮುಖ್ಯ ಕೋಚ್‌ಗಳು: ಚಕ್ ನೋಲ್, ಬಿಲ್ ಕವರ್, ಮೈಕ್ ಟಾಮ್ಲಿನ್. ನೋಲ್ ಅವರ ಮೊದಲ ವರ್ಷದ ಲೆಕ್ಕ ಒಂದು ಗೆಲುವು, 13 ಸೋಲು. ಬೇರೆ ತಂಡದಲ್ಲಾಗಿದ್ದರೆ ಕರಿ ಸೋಮವಾರಕ್ಕೆ ಬಲಿಯಾಗಬಹುದಾಗಿದ್ದ ಮನುಷ್ಯ ಮುಂದೆ ನಾಲ್ಕು ಸೂಪರ್ ಬೌಲ್ ಗೆದ್ದುಕೊಟ್ಟರು. ಆ ತಂಡದ ಆಡಳಿತ 1933ರಿಂದಲೂ ರೂನಿ ಎಂಬ ಒಂದೇ ಕುಟುಂಬದ ಕೈಯಲ್ಲಿದೆ. ಗುಟ್ಟು ಇಲ್ಲಿದೆ. ಮಾಲೀಕ ನಿಂತರೆ ಕೋಚ್ ನಿಲ್ಲುತ್ತಾರೆ.

ಚೆನ್ನೈಗೆ ಒಬ್ಬರು, ಬೆಂಗಳೂರಿಗೆ ಏಳು

ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ನಮ್ಮ ಹಳ್ಳಿಗಳಲ್ಲಿ ಐಪಿಎಲ್ ಬಂತೆಂದರೆ ಒಂದೇ ಮನೆಯಲ್ಲಿ ಎರಡು ಪಕ್ಷ. ತಮ್ಮ ಹಳದಿ ಅಂಗಿ, ಅಣ್ಣ ಕೆಂಪು ಅಂಗಿ. ಈ ಜಗಳಕ್ಕೆ ಕೋಚ್‌ಗಳ ಪಟ್ಟಿಯನ್ನೂ ಸೇರಿಸಿಕೊಳ್ಳಬಹುದು.

ಚೆನ್ನೈ ಸೂಪರ್ ಕಿಂಗ್ಸ್‌ಗೆ ಮೊದಲ ವರ್ಷ, 2008ರಲ್ಲಿ, ಕೆಪ್ಲರ್ ವೆಸೆಲ್ಸ್ ಕೋಚ್. 2009ರಿಂದ ಸ್ಟೀಫನ್ ಫ್ಲೆಮಿಂಗ್. ತಂಡ ನಿಷೇಧದಲ್ಲಿದ್ದ 2016 ಮತ್ತು 2017 ಬಿಟ್ಟರೆ ಅವರೇ. ಐದು ಕಪ್: 2010, 2011, 2018, 2021, 2023. ಇಲ್ಲಿ ಗಮನಿಸಬೇಕಾದ್ದು 2020. ಆ ವರ್ಷ ಚೆನ್ನೈ ಎಂಟು ತಂಡಗಳಲ್ಲಿ ಏಳನೆಯದು. ಮೊದಲ ಬಾರಿಗೆ ಪ್ಲೇಆಫ್ ತಪ್ಪಿತು. ಫ್ಲೆಮಿಂಗ್‌ರನ್ನು ತೆಗೆಯಲಿಲ್ಲ. ಮರುವರ್ಷ ಕಪ್ ಬಂತು. 2025ರಲ್ಲಿ ತಂಡ ಕೊನೆಯ ಸ್ಥಾನಕ್ಕೇ ಕುಸಿಯಿತು. ಆದರೂ ಆ ವರ್ಷದ ಡಿಸೆಂಬರ್ ಹರಾಜಿನಲ್ಲಿ ಚೆನ್ನೈ ಪರವಾಗಿ ಅವರೇ ಕುಳಿತಿದ್ದರು. ಅದೇ ಮಾಲೀಕರ ಟೆಕ್ಸಸ್ ಮತ್ತು ಜೋಹಾನ್ಸ್‌ಬರ್ಗ್ ತಂಡಗಳಿಗೂ ಕೋಚ್ ಆದವರು ಅವರು.

ಇನ್ನು ರಾಯಲ್ ಚಾಲೆಂಜರ್ಸ್. 2008ರಲ್ಲಿ ನಮ್ಮ ವೆಂಕಟೇಶ್ ಪ್ರಸಾದ್. ಆಮೇಲೆ ರೇ ಜೆನ್ನಿಂಗ್ಸ್, ಡೇನಿಯಲ್ ವೆಟ್ಟೋರಿ, ಗ್ಯಾರಿ ಕರ್ಸ್ಟನ್, ಸೈಮನ್ ಕ್ಯಾಟಿಚ್, ಸಂಜಯ್ ಬಾಂಗರ್. 2024ರಲ್ಲಿ ಆಂಡಿ ಫ್ಲವರ್. ಏಳು ಜನ! ಇದರ ನಡುವೆ 2021ರಲ್ಲಿ ಕ್ಯಾಟಿಚ್ ಬಿಟ್ಟಾಗ ಮೈಕ್ ಹೆಸನ್ ಕೆಲವು ತಿಂಗಳು ನೋಡಿಕೊಂಡದ್ದು ಬೇರೆ. ಕೊನೆಗೆ 2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ ಪಂಜಾಬ್ ಕಿಂಗ್ಸ್ ವಿರುದ್ಧ 6 ರನ್‌ನಿಂದ ಗೆದ್ದು, 18ನೇ ಸೀಸನ್‌ನಲ್ಲಿ ಕಪ್ ಸಿಕ್ಕಿತು. ಆಗ ಫ್ಲವರ್‌ಗೆ ಎರಡನೇ ವರ್ಷ.

ಕೋಚ್ ಬದಲಿಸಿದ್ದರಿಂದಲೇ ಬೆಂಗಳೂರು ಸೋತಿತೇ, ಸೋತಿದ್ದರಿಂದ ಕೋಚ್ ಬದಲಾದರೇ? ಕೋಳಿ ಮೊದಲೋ ಮೊಟ್ಟೆ ಮೊದಲೋ ಎಂಬ ಹಾಗೆ. ನ್ಯಾಯವಾಗಿ ಹೇಳಬೇಕೆಂದರೆ ಜೆನ್ನಿಂಗ್ಸ್ ಮತ್ತು ವೆಟ್ಟೋರಿಗೆ ಐದೈದು ವರ್ಷ ಕೊಟ್ಟಿದ್ದರು. ಜೆನ್ನಿಂಗ್ಸ್ ಕಾಲದಲ್ಲಿ 2009, 2011. ವೆಟ್ಟೋರಿ ಕಾಲದಲ್ಲಿ 2016. ಮೂರು ಫೈನಲ್ ಬಂದದ್ದು ಆ ಸ್ಥಿರ ವರ್ಷಗಳಲ್ಲೇ.

ಕಬಡ್ಡಿಯಲ್ಲಿ ಉಲ್ಟಾ

ಹಳದಿ ಅಂಗಿಯವರು ಇಷ್ಟಕ್ಕೇ ಹಿಗ್ಗಬಾರದು. ನಮ್ಮ ಊರುಗಳ ನಿಜವಾದ ಆಟ ಕಬಡ್ಡಿ. ಅಲ್ಲಿ ಲೆಕ್ಕ ತಿರುಗಿ ಬಿದ್ದಿದೆ. ಬೆಂಗಳೂರು ಬುಲ್ಸ್‌ಗೆ 2014ರ ಮೊದಲ ಪ್ರೊ ಕಬಡ್ಡಿಯಿಂದ 2024ರ 11ನೇ ಸೀಸನ್‌ವರೆಗೆ ಒಬ್ಬರೇ ಕೋಚ್, ರಣಧೀರ್ ಸಿಂಗ್ ಸೆಹ್ರಾವತ್. 2019ರ ಜನವರಿ 5ರಂದು ಗುಜರಾತ್ ವಿರುದ್ಧ 38-33ರಿಂದ ಫೈನಲ್ ಗೆದ್ದದ್ದು ಅವರ ಕೈಕೆಳಗೆ. 11ನೇ ಸೀಸನ್‌ನಲ್ಲಿ ತಂಡ ಕೊನೆಗೆ ಬಿತ್ತು. ಆಮೇಲೆ ಬಂದವರು ಕರ್ನಾಟಕದವರೇ ಆದ ಬಿ.ಸಿ. ರಮೇಶ್. ಇವರು ಅದಕ್ಕೆ ಮುಂಚೆ ಬೆಂಗಾಲ್ ವಾರಿಯರ್ಸ್ ಮತ್ತು ಪುಣೇರಿ ಪಲ್ಟನ್ ಎರಡಕ್ಕೂ ಕಪ್ ಗೆದ್ದುಕೊಟ್ಟವರು. ಎರಡು ತಂಡಕ್ಕೆ ಕಪ್ ತಂದವರೂ ಮೂರನೇ ಬಾಗಿಲು ತಟ್ಟಬೇಕಾಯಿತು ನೋಡಿ.

2017ರಲ್ಲಿ ಬಂದ ತಮಿಳ್ ತಲೈವಾಸ್ ಮಾತ್ರ ಕೋಚ್ ಬದಲಿಸುತ್ತಲೇ ಇದೆ. 2022ರಲ್ಲಿ ಸೀಸನ್ ನಡುವೆಯೇ ಉದಯಕುಮಾರ್ ಹೋಗಿ ಅಶನ್ ಕುಮಾರ್ ಬಂದರು. ತಮಾಷೆಯೆಂದರೆ ತಂಡ ಮೊದಲ ಬಾರಿಗೆ ಸೆಮಿಫೈನಲ್ ಮುಟ್ಟಿದ್ದು ಅದೇ ಸೀಸನ್‌ನಲ್ಲಿ! ಬದಲಾವಣೆ ಎಂದೂ ಕೆಲಸ ಮಾಡುವುದಿಲ್ಲ ಎಂದು ಹೇಳುವಂತಿಲ್ಲ. ಆದರೆ 2024ಕ್ಕೆ ಮತ್ತೆ ಉದಯಕುಮಾರ್, ಜತೆಗೆ ಧರ್ಮರಾಜ್ ಚೇರಲಾತನ್. 2025ಕ್ಕೆ ಸಂಜೀವ್ ಬಲಿಯಾನ್. ಪ್ರತಿ ಕೋಚ್‌ಗೂ ತನ್ನದೇ ರೈಡರ್ ಬೇಕು, ತನ್ನದೇ ಕಾರ್ನರ್ ಬೇಕು. ಆಟಗಾರನಿಗೆ ಪಾಠ ಹೊಸದಾಗಿ ಶುರು.

ಕುಂಬ್ಳೆ, ದ್ರಾವಿಡ್ ಗತಿಯೂ ಇದೇ

ದೇಶದ ತಂಡದ ಕುರ್ಚಿಯೂ ಮೆತ್ತಗಿಲ್ಲ. ಅನಿಲ್ ಕುಂಬ್ಳೆ 2016ರ ಜೂನ್‌ನಲ್ಲಿ ಒಂದು ವರ್ಷದ ಅವಧಿಗೆ ಕೋಚ್ ಆದರು. ಟೆಸ್ಟ್‌ಗಳಲ್ಲಿ ತಂಡ ಗೆದ್ದಿತು, ಚಾಂಪಿಯನ್ಸ್ ಟ್ರೋಫಿ ಫೈನಲ್ ತಲುಪಿತು. ಫೈನಲ್ ಮುಗಿದ ಎರಡೇ ದಿನಕ್ಕೆ, 2017ರ ಜೂನ್ 20ರಂದು, ರಾಜೀನಾಮೆ. ನಾಯಕನಿಗೆ ತಮ್ಮ ಶೈಲಿ ಒಪ್ಪಿಗೆಯಿಲ್ಲವೆಂದು ತಿಳಿಸಲಾಗಿದೆ, ಹೀಗೆ ಮುಂದುವರಿಯಲಾಗದು ಎಂದು ಅವರೇ ಹೇಳಿದರು. ಕೋಚ್‌ಗೆ ಮಾಲೀಕರ ಜತೆಗೆ ನಾಯಕನ ಬೆಂಬಲವೂ ಬೇಕು.

ರಾಹುಲ್ ದ್ರಾವಿಡ್ 2021ರ ನವೆಂಬರ್‌ನಿಂದ 2024ರ ಜೂನ್‌ವರೆಗೆ ಇದ್ದರು. ಕೊನೆಯ ದಿನ, ಜೂನ್ 29ರಂದು ಬಾರ್ಬಡೋಸ್‌ನಲ್ಲಿ, ಟಿ20 ವಿಶ್ವಕಪ್ ಗೆದ್ದು ಹೊರನಡೆದರು. ಇಂಥ ಬೀಳ್ಕೊಡುಗೆ ನೂರರಲ್ಲಿ ಒಬ್ಬರಿಗೆ ಸಿಗುತ್ತದೋ ಇಲ್ಲವೋ. ಆದರೆ ಅಲ್ಲಿಂದ ರಾಜಸ್ಥಾನ್ ರಾಯಲ್ಸ್‌ಗೆ ಹೋದ ಅದೇ ದ್ರಾವಿಡ್, 2025ರಲ್ಲಿ ತಂಡ ಒಂಬತ್ತನೆಯದಾದ ಮೇಲೆ, ಒಂದೇ ಸೀಸನ್‌ಗೆ ಹೊರಬಂದರು.

ನಮ್ಮ ಹುಡುಗರ ಲೆಕ್ಕ

ದೊಡ್ಡವರ ಮಾತು ಇರಲಿ. ಅವರಿಗೆ ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆಯುತ್ತದೆ. ಉಡುಮಲೈ, ಅನ್ನೂರು, ಸಿರುಮುಗೈ ಕಡೆಯ ಹುಡುಗ ಅಥವಾ ಹುಡುಗಿ ಕೋಚ್ ಆಗಬೇಕೆಂದರೆ ಏನು ಗತಿ?

ದಾರಿಗಳು ಎರಡು. ಒಂದು, ದೈಹಿಕ ಶಿಕ್ಷಣದ ಪದವಿ ಪಡೆದು ಶಾಲೆಗೆ ಸೇರುವುದು. ಇದಕ್ಕೆ ಪೆರಿಯನಾಯಕನಪಾಳ್ಯದ ಮಾರುತಿ ದೈಹಿಕ ಶಿಕ್ಷಣ ಕಾಲೇಜು ಹತ್ತಿರವೇ ಇದೆ. ಎರಡು, ಪಟಿಯಾಲದ ಎನ್‌ಐಎಸ್ ಅಥವಾ ಬೆಂಗಳೂರಿನ ಸಾಯ್ ಕೇಂದ್ರದಲ್ಲಿ ಕೋಚಿಂಗ್ ಡಿಪ್ಲೊಮಾ ಮಾಡುವುದು. ಫುಟ್ಬಾಲ್ ಆದರೆ ಫೆಡರೇಷನ್ನಿನ ಲೈಸೆನ್ಸ್‌ಗಳನ್ನು ಒಂದೊಂದಾಗಿ ಏರುವುದು. ಎರಡನೇ ದಾರಿಯಲ್ಲಿ ಸಿಗುವ ಕೆಲಸ ಹೆಚ್ಚಾಗಿ ಗುತ್ತಿಗೆಯದು. ಟಿಎನ್‌ಪಿಎಲ್‌ನಲ್ಲಿ 2023ರಲ್ಲಿ ಕೋವೈ ಕಿಂಗ್ಸ್, 2025ರಲ್ಲಿ ತಿರುಪ್ಪೂರು ತಮಿಳನ್ಸ್ ಗೆದ್ದಾಗ ಪಟಾಕಿ ಹೊಡೆದದ್ದು ನಿಜ. ಆದರೆ ಅದು ಸುಮಾರು ಒಂದು ತಿಂಗಳ ಲೀಗ್. ಉಳಿದ ಹನ್ನೊಂದು ತಿಂಗಳು ಅಕ್ಕಿ ಎಲ್ಲಿಂದ ತರಬೇಕು ಎಂಬುದನ್ನು ಮೊದಲೇ ಯೋಚಿಸಬೇಕು.

ಗುತ್ತಿಗೆ ಕಾಗದ ಕೈಗೆ ಬಂದಾಗ ಸಂಬಳದ ಅಂಕಿ ನೋಡಿ ಸಹಿ ಹಾಕುವವರೇ ಹೆಚ್ಚು. ಅದಕ್ಕಿಂತ ಮೊದಲು ಮೂರು ಸಾಲು ಹುಡುಕಬೇಕು. ಸಂಬಳ ವರ್ಷಕ್ಕೋ, ಸೀಸನ್‌ಗೋ? ಮಧ್ಯದಲ್ಲಿ ಬಿಡಿಸಿದರೆ ಎಷ್ಟು ತಿಂಗಳ ಹಣ? ತಂಡ ಕೈ ಬದಲಾದರೆ ಅಥವಾ ಮುಚ್ಚಿದರೆ ಗುತ್ತಿಗೆಗೆ ಯಾರು ಹೊಣೆ? ಕೊನೆಯ ಪ್ರಶ್ನೆ ಎಷ್ಟು ದೊಡ್ಡದೆಂದು ನೆಹರೂ ಸ್ಟೇಡಿಯಂ ನೋಡಿದವರಿಗೆ ಗೊತ್ತು.

ಮೊದಲನೇ ದಾರಿಯಲ್ಲಿ, ಸರಕಾರಿ ಶಾಲೆಯಲ್ಲಿ ಖಾಯಂ ಆದ ಪಿ.ಟಿ. ಮಾಸ್ತರರನ್ನು ಪಂದ್ಯ ಸೋತರೆಂದು ಯಾರೂ ಬಿಡಿಸುವಂತಿಲ್ಲ. ತಮಿಳುನಾಡಿನಲ್ಲಿ 2021ರಿಂದ ನಿವೃತ್ತಿ ವಯಸ್ಸು 60. ಒಂದೇ ಊರಿನ ಅಪ್ಪನಿಗೂ ಮಗನಿಗೂ ಖೊಖೊ ಕಲಿಸಿದ ಮಾಸ್ತರರು ಎಷ್ಟೋ ಇದ್ದಾರೆ. ಲ್ಯಾಂಡ್ರಿಯ 29 ವರ್ಷ ಅವರಿಗೆ ದೊಡ್ಡದಲ್ಲ.

ಆದರೆ ಆ ಬಾಗಿಲೂ ಕಿರಿದಾಗಿದೆ. 2012ರಲ್ಲಿ ರಾಜ್ಯ ಸರಕಾರ ದೈಹಿಕ ಶಿಕ್ಷಣ, ಚಿತ್ರಕಲೆ, ಹೊಲಿಗೆ ಮುಂತಾದ ವಿಷಯಗಳಿಗೆ 16 ಸಾವಿರಕ್ಕೂ ಹೆಚ್ಚು ಅರೆಕಾಲಿಕ ಶಿಕ್ಷಕರನ್ನು ತಿಂಗಳಿಗೆ 5,000 ರೂಪಾಯಿಗೆ ನೇಮಿಸಿತು. ವಾರಕ್ಕೆ ಮೂರು ಅರ್ಧ ದಿನ ಕೆಲಸ, ಮೇ ತಿಂಗಳಿಗೆ ಸಂಬಳವಿಲ್ಲ. ಸಂಬಳ ಆಮೇಲೆ ಹಂತಹಂತವಾಗಿ ಏರಿ 2024ರಲ್ಲಿ 12,500 ಆಯಿತು. ಖಾಯಂ ಮಾಡಿ ಎಂದು ಇವರು ಚೆನ್ನೈಗೆ ಹೋಗಿ ಧರಣಿ ಕುಳಿತದ್ದು ಒಂದೆರಡು ಸಲವಲ್ಲ. ಬೇಸಗೆ ರಜೆಯಲ್ಲಿ ಹಳ್ಳಿಯ ಮೈದಾನದಲ್ಲಿ ಮಕ್ಕಳಿಗೆ ಕಬಡ್ಡಿ ಹೇಳಿಕೊಟ್ಟವರಲ್ಲಿ ಇವರೂ ಇದ್ದರು. ಸಂಬಳವಿಲ್ಲದ ಆ ಮೇ ತಿಂಗಳಲ್ಲೇ.