ವಸಡಿಗೆ ವಾರದ ಹೊದಿಕೆ

ದಂತ ಕಾಲೇಜಿನ ವಸಡು ವಿಭಾಗ. ಶಸ್ತ್ರಚಿಕಿತ್ಸೆ ಮುಗಿದು, ಹೊಲಿಗೆ ಬಿದ್ದಿದೆ. ಯುವ ವೈದ್ಯೆ ಎರಡು ಟ್ಯೂಬುಗಳಿಂದ ಸಮ ಉದ್ದಕ್ಕೆ ಪೇಸ್ಟ್ ಹಿಂಡಿ ಕಾಗದದ ಪ್ಯಾಡಿನ ಮೇಲೆ ಕಲಸುತ್ತಾರೆ. ಎರಡು ಮೂರು ನಿಮಿಷಕ್ಕೆ ಅಂಟು ಇಳಿದು ಗುಲಾಬಿ ಬಣ್ಣದ ಮುದ್ದೆ ಹದಕ್ಕೆ ಬರುತ್ತದೆ. ಗ್ಲೌಸ್ ಒದ್ದೆ ಮಾಡಿಕೊಂಡು ಕೋಡುಬಳೆಗೆ ಹೊಸೆದ ಹಾಗೆ ಅದನ್ನು ಪೆನ್ಸಿಲ್ ದಪ್ಪಕ್ಕೆ ಹೊಸೆದು, ತುದಿ ಬಗ್ಗಿಸಿ ಕಡೇ ದವಡೆಹಲ್ಲಿನ ಹಿಂದೆ ಸಿಕ್ಕಿಸಿ, ಹಲ್ಲುಸಂದಿಗೆ ಒತ್ತುತ್ತ ಮುಂದೆ ಬರುತ್ತಾರೆ.

“ಅಜ್ಜಾ, ತುಟಿ ಆಡಿಸಿ ನೋಡೋಣ.”

ತುಟಿ, ಕೆನ್ನೆಗೆ ಅಡ್ಡ ಬಂದಷ್ಟನ್ನು ಕತ್ತರಿಸುತ್ತಾರೆ. ಬಿಟ್ಟರೆ ಅದೇ ಚುಚ್ಚಿ ಹೊಸ ಹುಣ್ಣಾದೀತು.

“ಇದೇ ಔಷಧಾನಾ ಡಾಕ್ಟ್ರಮ್ಮಾ?”

“ಇಲ್ಲ ಅಜ್ಜಾ, ಬರೀ ಮುಚ್ಚೋಕೆ. ಗಾಯ ತಾನೇ ಮಾಯುತ್ತೆ.”

ಆ ಉತ್ತರದಲ್ಲಿ ಒಂದಕ್ಷರವೂ ಹೆಚ್ಚಿಲ್ಲ. 1923ರಲ್ಲಿ ವಾರ್ಡ್ ಎಂಬ ದಂತವೈದ್ಯರು ಇಂಥ ಪ್ಯಾಕನ್ನು ಬಳಕೆಗೆ ತಂದಾಗ ಅದರಲ್ಲಿ ಸತುವಿನ ಆಕ್ಸೈಡ್, ಲವಂಗದ ಎಣ್ಣೆಯ ಯೂಜಿನಾಲ್ ಇದ್ದವು. ಹಸಿ ಗಾಯವನ್ನು ಯೂಜಿನಾಲ್ ಕೆರಳಿಸುತ್ತದೆಂದು ತಿಳಿದ ಮೇಲೆ ಅದಿಲ್ಲದ ಪೇಸ್ಟುಗಳು ಬಂದವು. ಆದರೆ ಯಾವುದೂ ಗಾಯವನ್ನು ಬೇಗ ಮಾಯಿಸುವುದಿಲ್ಲ. ಬಾಯಿ ಶುಚಿಯಾಗಿದ್ದರೆ ಮುಚ್ಚದ ವಸಡೂ ಅಷ್ಟೇ ಚೆನ್ನಾಗಿ ಕೂಡಿಕೊಳ್ಳುತ್ತದೆ. ಜೊಲ್ಲಿನಲ್ಲೇ ಗಾಯ ಮಾಯಿಸುವ ಅಂಶಗಳಿವೆ; ಬಾಯೊಳಗಿನ ಗಾಯ ಚರ್ಮದ ಗಾಯಕ್ಕಿಂತ ಬೇಗ, ಹೆಚ್ಚು ಕಲೆ ಉಳಿಸದೆ ಮಾಯುತ್ತದೆ.

ಪ್ಯಾಕಿಗೆ ಅದರದೇ ತೊಂದರೆಯೂ ಇದೆ. ವಾರದ ನಂತರ ಇಕ್ಕಳದಲ್ಲಿ ಎಬ್ಬಿಸಿದರೆ ಒಳಮೈಗೆ ಬಿಳಿ ಕೊಳೆ ಮೆತ್ತಿರುತ್ತದೆ. ಬ್ರಷ್ ಅಲ್ಲಿಗೆ ಹೋಗುವುದೇ ಇಲ್ಲ. ಅದಕ್ಕೇ ಕ್ಲೋರ್‌ಹೆಕ್ಸಿಡಿನ್ ನೀರಿನಿಂದ ಬಾಯಿ ಮುಕ್ಕಳಿಸಲು ಹೇಳುವುದು. ಅಂಚುಗಳು ಹೊಲಿಗೆಯಲ್ಲಿ ಸರಿಯಾಗಿ ಕೂಡಿದ್ದರೆ ಪ್ಯಾಕ್ ಬೇಡವೆನ್ನುವ ವೈದ್ಯರ ಮಾತು ನನಗೂ ಸರಿಯೆನಿಸುತ್ತದೆ.

ಅಂಗುಳಿನ ಕಥೆಯೇ ಬೇರೆ. ಸವೆದ ವಸಡಿಗೆ ಕಸಿ ಮಾಡಲು ಅಲ್ಲಿಂದ ಒಂದು, ಒಂದೂವರೆ ಮಿಲಿಮೀಟರ್ ದಪ್ಪದ ಪದರ ಎತ್ತುತ್ತಾರೆ. ಅಂಚುಗಳನ್ನು ಎಳೆದು ಹೊಲಿಯಲು ಬರುವುದಿಲ್ಲ. ಗಾಯ ತೆರೆದೇ ಇರುತ್ತದೆ. ಹೆಪ್ಪುಗಟ್ಟಿದ ರಕ್ತದಡಿ ಸುತ್ತಲಿಂದ ಹೊಸ ಪದರ ದಿನಕ್ಕೆ ಸುಮಾರು ಅರ್ಧ ಮಿಲಿಮೀಟರಿನಂತೆ ತೆವಳಿ ಬರಬೇಕು. ಎರಡರಿಂದ ನಾಲ್ಕು ವಾರ ಬೇಕು. ಅಷ್ಟರಲ್ಲಿ ಪ್ರತಿ ಗುಟುಕಿಗೂ ನಾಲಿಗೆ ಹೋಗಿ ಅಲ್ಲೇ ತಾಗುತ್ತದೆ. ಬಿಸಿ ಸಾರು, ರೊಟ್ಟಿಯ ಅಂಚು ಸೋಕಿದರೆ ಜೀವ ಹೋದಂತಾಗುತ್ತದೆ, ಹೆಪ್ಪು ಕಿತ್ತು ಮತ್ತೆ ರಕ್ತ ಒಸರಲೂಬಹುದು. ಇಲ್ಲಿ ಮುಚ್ಚಿಗೆ ಬೇಕೇ ಬೇಕು. ಕೆಲವರು ಮೊದಲೇ ಅಚ್ಚು ತೆಗೆದು ಅಂಗುಳಿಗೆ ಅಕ್ರಿಲಿಕ್ ಪ್ಲೇಟ್ ಮಾಡಿಸುತ್ತಾರೆ. ಇನ್ನು ಕೆಲವರು ರೋಗಿಯ ರಕ್ತವನ್ನೇ ಯಂತ್ರದಲ್ಲಿ ತಿರುಗಿಸಿ, ಗಟ್ಟಿಯಾದ ಫೈಬ್ರಿನ್ ಪದರವನ್ನು ಗಾಯದ ಮೇಲಿಟ್ಟು ಹೊಲಿಯುತ್ತಾರೆ. ಫ್ರಾನ್ಸಿನ ವೈದ್ಯ ಶುಕ್ರೂನ್ 2001ರಲ್ಲಿ ತೋರಿಸಿಕೊಟ್ಟ ವಿಧಾನ ಇದು.

ಪಕ್ಕದ ಕುರ್ಚಿಯಲ್ಲಿ ಅಂಥದೇ ಪ್ಲೇಟ್ ಹಾಕಿಸಿಕೊಂಡ ಹೆಂಗಸಿಗೆ ಸೂಚನೆ ನಡೆದಿದೆ: “ಮೆತ್ತಗಿನ ಅನ್ನ ಮೊಸರು ತಣ್ಣಗೆ ಉಣ್ಣಿ ಅಕ್ಕಾ. ಪ್ಲೇಟ್ ಇಟ್ಕೊಂಡೇ ಉಣ್ಣಿ, ತೊಳೆಯೋಕೆ ಮಾತ್ರ ತೆಗೀರಿ.”